ತಗಡಿನ ಲಾಯಕ್ಕೆ ಎರಡನೇ ಛಾವಣಿ

ನಮ್ಮ ಕುದುರೆ ಲಾಯಕ್ಕೆ ನಾನು ಎರಡು ಸಲ ಇನ್ಸುಲೇಶನ್, ಅಂದರೆ ಬಿಸಿ ಚಳಿ ತಡೆಯುವ ಪದರ, ಮಾಡಿದ್ದೇನೆ. ಮೊದಲ ಸಲದ್ದು ನಾಲ್ಕೇ ತಿಂಗಳಲ್ಲಿ ಗುಜರಿ ಸೇರಿತು. ಎರಡನೆಯದು ಮಳೆಗಾಲ, ಚಳಿಗಾಲ ದಾಟಿ ಈಗ ಮತ್ತೆ ಏಪ್ರಿಲ್ ಬಿಸಿಲು ತಿನ್ನುತ್ತಿದೆ. ಮೊದಲಿನ ಕಥೆ ಬಿಟ್ಟು ಬರೆದರೆ ನನ್ನ ಮರ್ಯಾದೆ ಉಳಿಯುತ್ತದೆ. ಆದರೆ ಓದಿದವರು ಅದೇ ಹಳ್ಳಕ್ಕೆ ಬೀಳುತ್ತಾರೆ. ಹಾಗಾಗಿ ಎರಡನ್ನೂ ಬರೆಯುತ್ತೇನೆ.

ಜಾಗ ಹೆಸರಘಟ್ಟದ ಹತ್ತಿರ. ತೋಟದ ಮೂಲೆಯಲ್ಲಿ 36 ಅಡಿ ಉದ್ದ, 14 ಅಡಿ ಅಗಲದ ಶೆಡ್ಡು. ಮೂರು ಕೋಣೆ. ಎರಡರಲ್ಲಿ ಕುದುರೆ, ಒಂದರಲ್ಲಿ ಹುಲ್ಲು, ಜೀನು, ಹುರುಳಿ ಚೀಲ. ಕೆಂಚಿ ಅನ್ನುವುದು ರೇಸು ಬಿಟ್ಟು ಬಂದ ಹೆಣ್ಣು ಕುದುರೆ. ಗುಂಡ ಮಕ್ಕಳು ಹತ್ತುವ ಕುಳ್ಳ ತಟ್ಟು. ಪಡುವಣ ಗೋಡೆ ಪೂರ್ತಿ ಸಿಮೆಂಟ್ ಬ್ಲಾಕು. ಉಳಿದ ಕಡೆ ಐದು ಅಡಿ ಗೋಡೆ, ಮೇಲೆ ಜಾಲರಿ. ಎರಡು ಇಳಿಜಾರಿನ ಛಾವಣಿ. ಬಾಕ್ಸ್ ಪೈಪಿನ ಮೇಲೆ ನೇರವಾಗಿ ನೀಲಿ ತಗಡಿನ ಶೀಟು, ಕೆಳಗೆ ಇನ್ನೇನೂ ಇಲ್ಲ. ಬೆಂಗಳೂರಿನ ಸುತ್ತ ಮುಕ್ಕಾಲು ಪಾಲು ಶೆಡ್ಡುಗಳು ಹೀಗೇ ಇರುತ್ತವೆ, ಅಲ್ವಾ?

ಮೊದಲ ಪ್ರಯತ್ನ ಶುರುವಾಗಿದ್ದು ಡಿಸೆಂಬರ್‌ನಲ್ಲಿ. ಬೆಳಗ್ಗೆ ಆರು ಗಂಟೆಗೆ ಕೆರೆ ಕಡೆಯಿಂದ ಮಂಜು ಬರುತ್ತಿತ್ತು. ನನಗೆ ಸ್ವೆಟರ್ ಇದೆ, ಪಾಪ ಕುದುರೆಗೆ ಏನಿದೆ ಅಂತ ಕನಿಕರ ಬಂತು. ರಾತ್ರಿ ಕೂತು ಲಾಯದ ಇನ್ಸುಲೇಶನ್ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಓದಿದ್ದೆಲ್ಲ ಮೊಣಕಾಲುದ್ದ ಹಿಮ ಬೀಳುವ ಊರಿನವರು ಬರೆದದ್ದು. ಸಂದು ಮುಚ್ಚಿ, ಒಳಗಿನ ಬಿಸಿ ಹೊರಗೆ ಬಿಡಬೇಡಿ ಅನ್ನುವುದೇ ಅವರ ಮಾತಿನ ಸಾರ. ನಾನೂ ಮುಚ್ಚಿದೆ. ಶೀಟಿನ ಒಳಮೈಗೆ ಗುಳ್ಳೆ ಇರುವ ಅಲ್ಯೂಮಿನಿಯಂ ಫಾಯಿಲನ್ನು ಹಳದಿ ರಬ್ಬರ್ ಅಂಟಿನಿಂದ ನೇರವಾಗಿ ಅಂಟಿಸಿದೆ. ಛಾವಣಿಯ ನೆತ್ತಿಯಲ್ಲಿದ್ದ ಸಂದಿಗೆ ಫೋಮ್ ತುರುಕಿದೆ. ಸೂರಿನ ಸಂದಿಗೂ ಅದೇ. ಜಾಲರಿಗೆ ದಪ್ಪ ಪ್ಲಾಸ್ಟಿಕ್ ಹೊದಿಸಿದೆ. ಒಳಗೆಲ್ಲ ಬೆಳ್ಳಿ ತರ ಮಿರಮಿರ. ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿದೆ.

ಹತ್ತು ದಿನ ಆಗಿರಲಿಲ್ಲ. ಕೆಂಚಿ ಕೆಮ್ಮಲು ಶುರು ಮಾಡಿದಳು. ಹುಲ್ಲಿನ ಹಾಸು ಬೆಳಗ್ಗೆ ನೋಡಿದರೆ ಒದ್ದೆ. ಮೇಲಿನಿಂದ ಟಪ್ ಟಪ್ ಹನಿ. ಮಳೆ ಇಲ್ಲ, ಆಕಾಶದಲ್ಲಿ ತುಂಡು ಮೋಡ ಇಲ್ಲ. ನಮ್ಮ ಲಾಯ ನೋಡಿಕೊಳ್ಳುವ ಸೈಸ್ ತಾತ ನಲವತ್ತು ವರ್ಷ ಕುದುರೆಗಳ ಜೊತೆ ಬದುಕಿದವರು. ಮೊದಲ ವಾರ ಸುಮ್ನಿದ್ದರು. ಆಮೇಲೆ ಒಂದು ದಿನ ಪ್ಲಾಸ್ಟಿಕ್ ಎತ್ತಿ ಒಳಗೆ ತಲೆ ಹಾಕಿ, "ಏನ್ ಸಾರ್, ಕುದುರೆಗೆ ಉಪ್ಪಿನಕಾಯಿ ಹಾಕ್ತಾ ಇದೀರಾ?" ಅಂದರು. ಒಳಗೆ ಬಂದು ಕುಕ್ಕರಗಾಲಲ್ಲಿ ಕೂತು ನೋಡಿ ಅಂತ ಕರೆದರು. ನಿಂತಾಗ ನನಗೆ ಅಷ್ಟೇನೂ ವಾಸನೆ ಇರಲಿಲ್ಲ. ಕೂತ ಕೂಡಲೇ ಕಣ್ಣು ಉರಿಯಿತು. ಉಚ್ಚೆಯಿಂದ ಏಳುವ ಅಮೋನಿಯಾ ಹುಟ್ಟುವುದೇ ನೆಲದಲ್ಲಿ. ಕುದುರೆ ಮೂಗು ದಿನದ ಬಹುಪಾಲು ಇರುವುದೂ ಅಲ್ಲೇ, ಹುಲ್ಲಿನಲ್ಲಿ. ಲಾಯದ ಗಾಳಿ ಹೇಗಿದೆ ಅಂತ ತಿಳಿಯಲು ನನಗೆ ಈಗಲೂ ಇದಕ್ಕಿಂತ ಒಳ್ಳೆಯ ಮೀಟರ್ ಗೊತ್ತಿಲ್ಲ. ಬೆಳಗ್ಗೆ ಲದ್ದಿ ಎತ್ತುವ ಮೊದಲು ಒಳಗೆ ಹೋಗಿ ಕುಕ್ಕರಗಾಲಲ್ಲಿ ಒಂದು ನಿಮಿಷ ಕೂರಬೇಕು.

ಹನಿಯ ಲೆಕ್ಕವೂ ಸುಲಭ. ದೊಡ್ಡ ಕುದುರೆ ದಿನಕ್ಕೆ 25 ಲೀಟರಿಗಿಂತ ಜಾಸ್ತಿ ನೀರು ಕುಡಿಯುತ್ತದೆ. ಅದರಲ್ಲಿ ಒಂದಷ್ಟು ಉಸಿರಿನಲ್ಲಿ, ಬೆವರಿನಲ್ಲಿ ಹಬೆಯಾಗಿ ಬರುತ್ತದೆ. ಉಚ್ಚೆ, ಲದ್ದಿಯಿಂದ ಏಳುವುದು ಬೇರೆ. ತಿಳಿ ಆಕಾಶದ ರಾತ್ರಿ ತಗಡು ತನ್ನ ಬಿಸಿಯನ್ನು ಆಕಾಶಕ್ಕೆ ಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಹೊರಗೆ ಹೋಗಲು ದಾರಿ ಇಲ್ಲದ ಹಬೆ ಆ ತಣ್ಣನೆಯ ಮೈಗೆ ತಾಗಿ ನೀರಾಗುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಸುರಿಯುವ ನೀರೂ ಇದೇ.

ಇನ್ನೊಂದು ಲೆಕ್ಕ ನಾನು ಮೊದಲೇ ಹಾಕಬೇಕಿತ್ತು. ಕುದುರೆಗೆ ಹಾಯಾದ ಹವೆ ಸುಮಾರು 5ರಿಂದ 25 ಡಿಗ್ರಿ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಅತಿ ಜಾಸ್ತಿ 39.2, 2016ರ ಏಪ್ರಿಲ್‌ನಲ್ಲಿ. ಅಂದರೆ ನೂರಾ ನಲವತ್ತು ವರ್ಷದ ಹಿಂದಿನ ಆ ಚಳಿಗೂ ಕುದುರೆ ನಡುಗುತ್ತಿರಲಿಲ್ಲ. ಕಷ್ಟ ಇರುವುದೆಲ್ಲ ಬೇಸಿಗೆಯಲ್ಲಿ. ನಾನು ಡಿಸೆಂಬರಿನ ಚಳಿಗೆ ದುಡ್ಡು ಸುರಿದಿದ್ದೆ. ಪ್ಲಾಸ್ಟಿಕ್ ಅವತ್ತೇ ಕಿತ್ತೆ. ವಾರದಲ್ಲಿ ಕೆಮ್ಮು ನಿಂತಿತು.

ಫಾಯಿಲ್ ಮಾತ್ರ ಇರಲಿ, ಬೇಸಿಗೆಗೆ ಆಗುತ್ತೆ ಅಂತ ಬಿಟ್ಟೆ. ಏಪ್ರಿಲ್ ಎರಡನೇ ವಾರ ಅಂಟು ಬೆಣ್ಣೆ ಆಯಿತು. ಒಂದು ಮಧ್ಯಾಹ್ನ ಎಂಟು ಅಡಿ ಉದ್ದದ ಪಟ್ಟಿ ಕಳಚಿ ಕೆಂಚಿಯ ಬೆನ್ನ ಮೇಲೆ ಬಿತ್ತು. ಹೊಳೆಯುವ, ಸದ್ದು ಮಾಡುವ ವಸ್ತು ಬೆನ್ನ ಮೇಲೆ ಬಿದ್ದರೆ ರೇಸು ಕುದುರೆ ಏನು ಮಾಡುತ್ತದೆ ಅಂತ ಹೇಳಬೇಕಾಗಿಲ್ಲ. ಬಾಗಿಲಿನ ಹಲಗೆ ಎರಡು ಸೀಳಾಯಿತು. ಹಿಂಗಾಲಿನ ಚರ್ಮ ಅಂಗೈಯಷ್ಟು ಕೆತ್ತಿ ಹೋಯಿತು. ಅದು ವಾಸಿಯಾಗಲು ಮೂರು ವಾರ ಹಿಡಿಯಿತು. ಅವಳು ತಲೆ ಎತ್ತಿ ಛಾವಣಿ ನೋಡುವುದನ್ನು ಬಿಡಲು ಇನ್ನೂ ಜಾಸ್ತಿ.

ಈ ಸಲ ಅಳೆದೇ ಕೈ ಹಾಕುವುದು ಅಂತ ತೀರ್ಮಾನಿಸಿದೆ. ಎಸ್.ಪಿ. ರಸ್ತೆಯಿಂದ, ಮುಟ್ಟದೆ ದೂರದಿಂದಲೇ ಬಿಸಿ ಅಳೆಯುವ ಇನ್ಫ್ರಾರೆಡ್ ಥರ್ಮಾಮೀಟರ್ ಗನ್ ತಂದೆ. ಒಂದು ಸಾದಾ ಥರ್ಮಾಮೀಟರನ್ನು ಕೆಂಚಿಯ ಹೆಗಲಿನ ಎತ್ತರಕ್ಕೆ ಕಂಬಕ್ಕೆ ಕಟ್ಟಿದೆ. ಮಧ್ಯಾಹ್ನ ಎರಡೂವರೆಗೆ ಹೊರಗೆ ಹುಣಸೆ ಮರದ ನೆರಳಲ್ಲಿ 35. ಗನ್ನನ್ನು ಅಂಟಿಕೊಂಡೇ ಇದ್ದ ಫಾಯಿಲ್ ಕಡೆ ಹಿಡಿದರೆ 37 ತೋರಿಸಿತು. ಅರೆ, ಪರವಾಗಿಲ್ಲವಲ್ಲ ಅಂದುಕೊಂಡೆ. ಕೈ ಚಾಚಿ ಮುಟ್ಟಿದೆ. ಬೆರಳು ಚುರ್ ಅಂತು. ಹೊಳೆಯುವ ಮೈ ತನ್ನ ಬಿಸಿಯನ್ನು ಹೊರಸೂಸುವುದು ತೀರಾ ಕಡಿಮೆ. ಎದುರಿಗಿರುವುದನ್ನೇ ಕನ್ನಡಿಯಂತೆ ಪ್ರತಿಫಲಿಸುತ್ತದೆ. ಗನ್ನು ಓದಿದ್ದು ಕೆಳಗಿನ ನೆಲದ ಬಿಸಿಯನ್ನು. ಫಾಯಿಲ್ ಮೇಲೆ ಎರಡಿಂಚು ಮಾಸ್ಕಿಂಗ್ ಟೇಪ್ ಅಂಟಿಸಿ, ಐದು ನಿಮಿಷ ಬಿಟ್ಟು ಆ ಟೇಪಿಗೆ ಹಿಡಿದೆ. 54! ಫಾಯಿಲ್ ಬಿದ್ದುಹೋಗಿದ್ದ ಕಡೆ ಬರೀ ಶೀಟು 59. ಗನ್ನು ಇರುವವರು ಈ ಟೇಪಿನ ವಿಷಯ ಮರೆಯಬೇಡಿ. ಎಷ್ಟೋ ಅಂಗಡಿಗಳಲ್ಲಿ ಫಾಯಿಲ್ ಮಾರುವಾಗ ತೋರಿಸುವ ಡೆಮೋ ಇದೇ ಕಣ್ಕಟ್ಟು.

ಹೆಗಲಿನ ಎತ್ತರದಲ್ಲಿ 39 ಇತ್ತು. ಕೆಂಚಿಯ ಪಕ್ಕೆ ನಿಮಿಷಕ್ಕೆ 28 ಸಲ ಏರಿಳಿಯುತ್ತಿತ್ತು. ಸುಮ್ಮನೆ ನಿಂತ ಕುದುರೆಯ ಉಸಿರು 8ರಿಂದ 16ರೊಳಗೆ ಇರಬೇಕು. 60 ಡಿಗ್ರಿ ಹತ್ತಿರ ಕಾದ ತಗಡು ಕೆಳಗೆ ನಿಂತ ಪ್ರಾಣಿಯ ಮೇಲೆ ಚದರ ಮೀಟರಿಗೆ ಸುಮಾರು 150 ವಾಟ್ ಸುರಿಸುತ್ತದೆ. ನಮ್ಮ ಛಾವಣಿಯ ಒಳಮೈ 54 ಚದರ ಮೀಟರ್. ಗುಣಿಸಿ ನೋಡಿದರೆ ಒಂದು ಕಿಲೋವಾಟಿನ ಎಂಟು ರೂಮ್ ಹೀಟರನ್ನು ತಲೆಕೆಳಗಾಗಿ ತೂಗುಹಾಕಿ ಏಪ್ರಿಲ್‌ನಲ್ಲಿ ಆನ್ ಮಾಡಿದ ಹಾಗೆ.

ಯಾವ ಸಾಮಾನು ಹಾಕುವುದು ಅನ್ನುವುದಕ್ಕೇ ಎರಡು ವಾರ ಹೋಯಿತು. ಥರ್ಮೊಕೋಲ್ ಅಗ್ಗ, ಹಗುರ, ಕೆಲಸವೂ ಚೆನ್ನಾಗಿ ಮಾಡುತ್ತದೆ. ಒಂದು ತುಂಡನ್ನು ಹಿತ್ತಲಿಗೆ ಒಯ್ದು ಬೆಂಕಿಕಡ್ಡಿ ತೋರಿಸಿದೆ. ಕರಗಿ, ಉರಿಯುವ ಹನಿಯಾಗಿ ನೆಲಕ್ಕೆ ಬಿತ್ತು. ಕಪ್ಪು ನೂಲಿನಂಥ ಮಸಿ ಮೇಲೆ ಹಾರಿತು. ಕೆಳಗೆ ಒಣ ಹುಲ್ಲು, ಬಾಗಿಲು ತಾವೇ ತೆಗೆಯಲಾಗದ ಎರಡು ಪ್ರಾಣಿ. ಅಲ್ಲಿಗೆ ಅದು ಮುಗಿಯಿತು. ರಾಕ್‌ವೂಲ್ (ಕಲ್ಲು ಕರಗಿಸಿ ಮಾಡುವ ಉಣ್ಣೆಯಂಥ ಹಾಸು) ಉರಿಯುವುದಿಲ್ಲ, ಆದರೆ ಅದರ ನೂಲು ಉದುರಿ ಹುಲ್ಲಿಗೆ ಸೇರಿದರೆ ಉಸಿರಿಗೆ ತೊಂದರೆ. ಒದ್ದೆಯಾದರೆ ಜೋತುಬೀಳುತ್ತದೆ. ಎರಡು ತಗಡಿನ ನಡುವೆ ಫೋಮ್ ತುಂಬಿದ ಪಫ್ ಪ್ಯಾನೆಲ್ ಹೊಸದಾಗಿ ಕಟ್ಟುವವರಿಗೆ ಸರಿ. ಇರುವ ಶೀಟು ಕಿತ್ತೆಸೆದು ಹಾಕುವಷ್ಟು ದುಡ್ಡು ನನ್ನಲ್ಲಿರಲಿಲ್ಲ. (ನಿಮ್ಮದು ಹಳೆಯ ಬೂದು ಬಣ್ಣದ ಸಿಮೆಂಟ್ ಶೀಟಾದರೆ ಡ್ರಿಲ್ ಹಿಡಿದು ಹತ್ತಿರ ಹೋಗಬೇಡಿ. ಅದರಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಅದರ ದೂಳು ಶ್ವಾಸಕೋಶಕ್ಕೆ ಹೋಗಬಾರದು.)

ಕೊನೆಗೆ ಹಿಡಿದ ದಾರಿ ಇದು: ಮೇಲೆ ಬಿಳಿ ಬಣ್ಣ, ಶೀಟಿನ ಕೆಳಗೆ ಗಾಳಿ ಓಡುವ ಸಂದು, ಅದರ ಕೆಳಗೆ ಫಾಯಿಲ್, ಮತ್ತೆ ಸಂದು, ಎಲ್ಲಕ್ಕಿಂತ ಕೆಳಗೆ 6 ಮಿಲಿಮೀಟರ್ ಸಿಮೆಂಟ್ ಫೈಬರ್ ಬೋರ್ಡು. ಅಂದರೆ ಕೊಡೆಯ ಕೆಳಗೆ ಇನ್ನೊಂದು ಕೊಡೆ. ಬೋರ್ಡು ತೆಗೆದುಕೊಳ್ಳುವಾಗ ಆಸ್ಬೆಸ್ಟಾಸ್ ಇಲ್ಲದ್ದು ಅಂತ ಕೇಳಿಯೇ ತಂದೆ.

ಬಣ್ಣ ಮೊದಲು. ತಾತ ಸುಣ್ಣ ಬಳಿಯಿರಿ ಸಾಕು ಅಂದರು. ಹೆಂಚಿಗೆ, ತಾರಸಿಗೆ ಸುಣ್ಣ ಒಳ್ಳೆಯದೇ. ಆದರೆ ಅದರ ಕ್ಷಾರ ತಗಡಿನ ಸತುವಿಗೆ ಒಳ್ಳೆಯದಲ್ಲ, ಎರಡು ಮಳೆಗೆ ತೊಳೆದೂ ಹೋಗುತ್ತದೆ. ಬಿಸಿಲು ವಾಪಸ್ ಕಳಿಸುವ ಬಿಳಿ ರೂಫ್ ಪೇಂಟ್ 20 ಲೀಟರಿನ ಎರಡು ಬಕೆಟ್ ತಂದೆ. ಸೂರಿನ ಚಾಚು ಸೇರಿ 830 ಚದರ ಅಡಿಗೆ ಎರಡು ಕೋಟು ಸರಿಯಾಯಿತು. ಸೋಪು ಹಾಕಿ ಉಜ್ಜಿ, ಒಣಗಿಸಿ, ಬೆಳಗ್ಗೆ ಆರೂವರೆಯಿಂದ ಒಂಬತ್ತರವರೆಗೆ ಮಾತ್ರ ಬಳಿದೆ. ಒಂಬತ್ತಾದ ಮೇಲೆ ಬಣ್ಣ ರೋಲರಿನಲ್ಲೇ ಒಣಗುತ್ತದೆ, ಅಂಗಾಲೂ ಬೇಯುತ್ತದೆ. ಶೀಟಿನ ಮೇಲೆ ಓಡಾಡುವಾಗ ಸ್ಕ್ರೂ ಸಾಲಿನ ಮೇಲೇ ಕಾಲಿಡಬೇಕು, ಕೆಳಗೆ ಪೈಪು ಇರುವುದು ಅಲ್ಲೇ. ಒಂದು ಕಡೆ ಮರೆತೆ. ಆ ತಗ್ಗು ಈಗಲೂ ಇದೆ, ಮಳೆ ಬಂದಾಗ ಗುಬ್ಬಿಗಳು ಅಲ್ಲಿ ಸ್ನಾನ ಮಾಡುತ್ತವೆ. ಬಣ್ಣ ಒಣಗಿದ ಮರುದಿನ ಅದೇ ಹೊತ್ತಿಗೆ ಶೀಟಿನ ಒಳಮೈ 45. ಒಟ್ಟು ಖರ್ಚಿನಲ್ಲಿ ಬಣ್ಣದ್ದು ಸಣ್ಣ ಪಾಲು, ಅರ್ಧ ಕೆಲಸ ಅದೇ ಮಾಡಿತು. ದುಡ್ಡಿಲ್ಲದವರು ಇಲ್ಲಿಗೇ ನಿಲ್ಲಿಸಿದರೂ ತಪ್ಪಿಲ್ಲ.

ಒಳಗಿನ ಕೆಲಸಕ್ಕೆ ಕುದುರೆಗಳನ್ನು ಹುಣಸೆ ಮರದಡಿಗೆ ಕಟ್ಟಿದೆವು. ಹಾಸು ಪೂರ್ತಿ ಎತ್ತಿದೆವು. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಿಂದ ಒಂದಿಂಚು ಎರಡಿಂಚಿನ ಮರದ ಪಟ್ಟಿ, ಅಂದರೆ ರೀಪರ್, ಬಂತು. ಬಾಕ್ಸ್ ಪೈಪುಗಳು ಲಾಯದ ಉದ್ದಕ್ಕೂ, ಇಳಿಜಾರಿಗೆ ಅಡ್ಡವಾಗಿ ಇವೆ. ಫಾಯಿಲನ್ನು ಅವಕ್ಕೇ ಒತ್ತಿ ಬಿಗಿದರೆ ಪ್ರತಿ ಪೈಪಿನ ಹತ್ತಿರ ಗಾಳಿಗೆ ತಡೆ. ಅದಕ್ಕೆ ಮೊದಲು ಇಳಿಜಾರಿನ ದಿಕ್ಕಿನಲ್ಲಿ, ಸೂರಿನಿಂದ ನೆತ್ತಿಯವರೆಗೆ, ಎರಡೆರಡು ಅಡಿಗೊಂದು ರೀಪರ್ ಪೈಪಿನ ಕೆಳಗೆ ಹೊಡೆದೆ. ಅದರ ಕೆಳಗೆ ಫಾಯಿಲ್. ಅದರ ಕೆಳಗೆ ಅದೇ ಸಾಲಿನಲ್ಲಿ ಎರಡನೇ ರೀಪರ್. ಆಮೇಲೆ ಬೋರ್ಡು. ಹೀಗೆ ಮಾಡಿದಾಗ ಫಾಯಿಲಿನ ಎರಡೂ ಮೈಗೆ ಒಂದೊಂದು ಇಂಚಾದರೂ ಖಾಲಿ ಜಾಗ ಸಿಗುತ್ತದೆ. ಫಾಯಿಲಿನ ಗುಟ್ಟೇ ಈ ಖಾಲಿ ಜಾಗ. ತಗಡಿಗೆ ಅಂಟಿಸಿದರೆ ಬಿಸಿ ತಾಗಿಕೊಂಡೇ ದಾಟುತ್ತದೆ. ಮೇಲಿನ ಮೈಗೆ ವರ್ಷ ಕಳೆದಂತೆ ದೂಳು ಕೂರುತ್ತದೆ, ಹೊಳಪು ಹೋಗುತ್ತದೆ. ಕೆಳಗಿನ ಮೈ ಹೊಳೆಯುತ್ತಲೇ ಇರುತ್ತದೆ. ಹಾಗಾಗಿ ಎರಡೂ ಕಡೆ ಹೊಳೆಯುವುದನ್ನೇ ತಂದೆ.

ಮೊದಲ ದಿನ ನಾನೂ ವೆಲ್ಡಿಂಗ್ ಹುಡುಗನೂ ಸೇರಿ ಹನ್ನೆರಡು ರೀಪರ್ ಹೊಡೆದೆವು. ಒಂದೂ ಬಿಗಿಯಾಗಲಿಲ್ಲ. ಸ್ಕ್ರೂ ಪೂರ್ತಿ ತಿರುಗಿದೆ, ಆದರೂ ಮರಕ್ಕೂ ಪೈಪಿಗೂ ನಡುವೆ ಉಗುರು ಹೋಗುವಷ್ಟು ಸಂದು. ಸ್ಕ್ರೂ ಕೆಟ್ಟದ್ದು ಅಂತ ಅಂಗಡಿಯವರನ್ನು ಬೈದುಕೊಂಡೆವು. ಆಮೇಲೆ ಗೊತ್ತಾಯಿತು. ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ ಮರವನ್ನು ಬೇಗ ಕಚ್ಚಿ ಮುಂದೆ ಹೋಗುತ್ತದೆ, ಕಬ್ಬಿಣ ತೂತಾಗಲು ಹೊತ್ತು ಬೇಕು. ತುದಿ ಕಬ್ಬಿಣದಲ್ಲಿ ನಿಂತು ಸುತ್ತುವಷ್ಟರಲ್ಲಿ ಮೇಲಿನ ಮರೆ (ಸ್ಕ್ರೂವಿನ ಸುರುಳಿ ಏಣು) ರೀಪರನ್ನು ದೂರ ತಳ್ಳಿಬಿಟ್ಟಿರುತ್ತದೆ. ಮರದಲ್ಲಿ ಸ್ಕ್ರೂಗಿಂತ ಸ್ವಲ್ಪ ದೊಡ್ಡ ತೂತು ಮೊದಲೇ ಕೊರೆದೆವು. ಮರೆಗಳು ಮರವನ್ನು ಮುಟ್ಟದೆ ಹೋಗಿ ಪೈಪನ್ನು ಹಿಡಿದವು, ತಲೆ ಬಂದು ಮರವನ್ನು ಒತ್ತಿತು. ಹನ್ನೆರಡನ್ನೂ ಬಿಚ್ಚಿ ಮತ್ತೆ ಹೊಡೆದೆವು.

ಫಾಯಿಲನ್ನು ಸೂರಿನ ಕಡೆ ಗೋಡೆ ದಾಟಿಸಿ ಮೂರಿಂಚು ಹೊರಗೆ ಬಿಟ್ಟೆ. ಚಳಿಗಾಲದಲ್ಲಿ ಶೀಟಿನಿಂದ ಹನಿ ಬಿದ್ದರೆ ಫಾಯಿಲ್ ಮೇಲೆ ಜಾರಿ ಹೊರಗೆ ಹೋಗಲಿ ಅಂತ. ಬೋರ್ಡು 8 ಅಡಿ 4 ಅಡಿಯದು, ಒಂದೊಂದು ಸುಮಾರು 25 ಕೆ.ಜಿ. ಇಬ್ಬರು ತಲೆಯ ಮೇಲೆ ಹೊತ್ತು ನಿಂತರೆ ಮೂರನೆಯವರು ಸ್ಕ್ರೂ ಹೊಡೆಯಬೇಕು. ನಾಲ್ಕು ಬೋರ್ಡಾದ ಮೇಲೆ ಕತ್ತು ಹೋಯಿತು. ತಾತ ಎರಡು ಬಿದಿರಿನ ತುದಿಗೆ ಅಡ್ಡಪಟ್ಟಿ ಕಟ್ಟಿ ಊರುಗೋಲು ಮಾಡಿಕೊಟ್ಟರು. ಬೋರ್ಡನ್ನು ಮೆಷಿನ್ನಿನಲ್ಲಿ ಕತ್ತರಿಸಿದರೆ ಏಳುವ ದೂಳು ಕೆಟ್ಟದ್ದು. ಹೊರಗೆ ಕೂತು, ಮೂಗಿಗೆ ಮಾಸ್ಕ್ ಹಾಕಿ, ಚೂಪು ಮೊನೆಯಿಂದ ಗೆರೆ ಎಳೆದು ಮುರಿದೆ.

ಕೆಲಸ ಮುಗಿದ ಮೇಲೆ ಹಳೆ ಸ್ಪೀಕರಿನ ಅಯಸ್ಕಾಂತಕ್ಕೆ ಹಗ್ಗ ಕಟ್ಟಿ ನೆಲದ ಮೇಲೆಲ್ಲ ಎಳೆದೆ. ಕಬ್ಬಿಣದ ಸುರುಳಿ, ಸ್ಟೇಪ್ಲರ್ ಪಿನ್ನು, ಎರಡು ಸ್ಕ್ರೂ. ಅಂಗೈ ತುಂಬ ಸಿಕ್ಕಿತು. ಗುಡಿಸಿದ ನೆಲದಲ್ಲಿ! ಇವು ಹುಲ್ಲಿನ ಜೊತೆ ಹೊಟ್ಟೆಗೆ ಹೋದರೆ, ಗೊರಸಿಗೆ ಹೊಕ್ಕರೆ ಏನು ಗತಿ? ಮೂರು ದಿನ ಬಿಡದೆ ಎಳೆದೆ. ಮೂರನೇ ದಿನವೂ ಒಂದು ಪಿನ್ನು ಬಂತು.

ಇನ್ನು ನೆತ್ತಿ. ಅಲ್ಲಿದ್ದ ಮುಚ್ಚಳ ಬಿಚ್ಚಿ, ಎರಡೂ ಕಡೆ ಶೀಟನ್ನು ಮೂರು ಮೂರು ಇಂಚು ಕತ್ತರಿಸಿ, ಉದ್ದಕ್ಕೂ ಆರಿಂಚು ಬಾಯಿ ಬಿಟ್ಟೆ. ಮುಚ್ಚಳವನ್ನು ಆರಿಂಚು ಎತ್ತರದ ಪಟ್ಟಿಗಳ ಮೇಲೆ ಕೂರಿಸಿದೆ. ಬೋರ್ಡನ್ನು ನೆತ್ತಿಗಿಂತ ನಾಲ್ಕಿಂಚು ಮೊದಲೇ ನಿಲ್ಲಿಸಿದ್ದೆ. ಹಾಗಾಗಿ ಲಾಯದ ಬಿಸಿ ಗಾಳಿಗೂ, ಸಂದಿನ ಬಿಸಿ ಗಾಳಿಗೂ ಅದೇ ಬಾಯಿ. ಸೂರಿನಲ್ಲಿ ತುರುಕಿದ್ದ ಫೋಮ್ ಕಿತ್ತು, ಇಲಿ ನುಗ್ಗದ ಹಾಗೆ 6 ಮಿಲಿಮೀಟರ್ ಜಾಲರಿ ಹಾಕಿದೆ. ಮಧ್ಯಾಹ್ನ ನೆತ್ತಿಯ ಬಾಯಿಗೆ ಊದುಬತ್ತಿ ಹಿಡಿದರೆ ಹೊಗೆ ಸರ್ರನೆ ಹೊರಗೆ ಎಳೆದುಕೊಂಡು ಹೋಗುತ್ತಿತ್ತು. ಆದರೆ ಮೇ ತಿಂಗಳ ಮೊದಲ ಗಾಳಿಮಳೆ ಅಡ್ಡಡ್ಡ ಬಂದು ಆ ಬಾಯಿಯಲ್ಲೇ ನುಗ್ಗಿ ಗುಂಡನ ತಲೆಗೆ ಅಭಿಷೇಕ ಮಾಡಿತು. ಶೀಟಿನ ಅಂಚಿಗೆ ನಾಲ್ಕಿಂಚು ತಗಡನ್ನು ತುಟಿಯ ಹಾಗೆ ಮೇಲಕ್ಕೆ ಮಡಚಿ ಕೂರಿಸಿದ ಮೇಲೆ ನಿಂತಿತು.

ಪಡುವಣ ಗೋಡೆಗೆ ಏನೂ ಅಂಟಿಸಲಿಲ್ಲ. ಮೂರು ಅಡಿ ದೂರದಲ್ಲಿ ಕಂಬ ನೆಟ್ಟು ಸೀಮೆಬದನೆ ಬಳ್ಳಿ ಹಬ್ಬಿಸಿದೆ. ನಾಲ್ಕು ತಿಂಗಳಲ್ಲಿ ಗೋಡೆ ಮುಚ್ಚಿತು, ಸಾಂಬಾರಿಗೂ ಆಯಿತು. ನರ್ಸರಿಯವರು ಬೇಗ ಬೆಳೆಯುತ್ತೆ, ಹೂವೂ ಬಿಡುತ್ತೆ ಅಂತ ಕಣಗಿಲೆ ಕೊಡಲು ಬಂದಿದ್ದರು. ಬೇಡವೇ ಬೇಡ. ಕಣಗಿಲೆಯ ಎಲೆ ಕುದುರೆಗೆ ವಿಷ, ಸ್ವಲ್ಪ ತಿಂದರೂ ಸಾಯಬಹುದು. ವೈರನ್ನು ಸಂದಿನೊಳಗೆ ಬಿಡದೆ ಕಬ್ಬಿಣದ ಪೈಪಿನಲ್ಲಿ ಬೋರ್ಡಿನ ಕೆಳಗೇ ಎಳೆದೆ, ಕಣ್ಣಿಗೆ ಕಾಣುವ ಹಾಗೆ.

ಮಳೆಗಾಲದಲ್ಲಿ ನಾನು ಎಣಿಸದೇ ಇದ್ದ ಒಂದು ಲಾಭ ಸಿಕ್ಕಿತು. ಮೊದಲು ಜೋರು ಮಳೆ ಬಂದರೆ ತಗಡಿನ ಸದ್ದಿಗೆ ಕೆಂಚಿ ಕೋಣೆಯಲ್ಲಿ ಗಿರಕಿ ಹೊಡೆಯುತ್ತಿದ್ದಳು. ಈಗ ಒಳಗೆ ದೂರದಲ್ಲಿ ಎಲ್ಲೋ ಹುರಿಗಡಲೆ ಹುರಿಯುವ ಹಾಗೆ ಕೇಳುತ್ತದೆ. ಅವಳು ಗೋದಲಿಯಿಂದ ಮುಖ ಎತ್ತುವುದಿಲ್ಲ. ಡಿಸೆಂಬರ್‌ನಲ್ಲಿ ಹಾಸು ಒಣಗಿತ್ತು. ಸೂರಿನ ಫಾಯಿಲ್ ಅಂಚಿನಿಂದ ಹನಿ ಹೊರಗೆ ಬಿದ್ದು ಮಣ್ಣಿನಲ್ಲಿ ಸಾಲಾಗಿ ಚುಕ್ಕಿ ಇಟ್ಟಿತ್ತು. ಕಳೆದ ವಾರ ಹೊರಗೆ ಮತ್ತೆ 35 ಇದ್ದ ದಿನ ಅಳೆದೆ. ಬೋರ್ಡಿನ ಮೈ 36, ಹೆಗಲಿನ ಎತ್ತರದಲ್ಲಿ 35. ಹೊರಗಿನ ನೆರಳಿಗಿಂತ ತಂಪು ಮಾಡಲು ಇದರಿಂದ ಆಗುವುದಿಲ್ಲ, ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕೆಂಚಿಯ ಉಸಿರು 18.

ಉಳಿದಿರುವುದು ಹುಲ್ಲಿನ ಕೋಣೆ. ಬೋರ್ಡು ಸಾಲದೆ ಅಲ್ಲಿ ಕೊನೆಯ ನಾಲ್ಕು ಅಡಿ ಬರೀ ಫಾಯಿಲ್ ಬಿಟ್ಟಿದ್ದೆ. ಮೊನ್ನೆಯ ಮಾವಿನ ಮಳೆಗೆ ಅದರ ಮೇಲೆ ನೀರು ನಿಂತು ಹೊಟ್ಟೆ ಜೋತುಬಿದ್ದಿತ್ತು. ಬಕೆಟ್ ಇಟ್ಟು ಪೆನ್ನಿನಿಂದ ಚುಚ್ಚಿದೆ, ಅರ್ಧ ಬಕೆಟ್ ಬಂತು. ಮೇಲೆ ಯಾವುದೋ ಸ್ಕ್ರೂವಿನ ರಬ್ಬರ್ ವಾಷರ್ ಹೋಗಿದೆ. ಭಾನುವಾರ ಶೀಟು ಕಾಯುವ ಮೊದಲು ಹತ್ತಿ ಹುಡುಕಬೇಕು. ಏಣಿ ಹಿಡಿಯಲು ತಾತ ಬರುತ್ತೇನೆ ಅಂದಿದ್ದಾರೆ.